ಹಳೆಯ ಮನೆ, ಭೂಕಂಪ ಮತ್ತು ಮಾರುವವರ ‘ಗೊತ್ತಿಲ್ಲ’: ಕ್ಯಾಲಿಫೋರ್ನಿಯಾದ ಒಂದು ಕಾನೂನಿನ ಮೇಲೆ ಟಿಪ್ಪಣಿ

ಕ್ಯಾಲಿಫೋರ್ನಿಯಾದಲ್ಲಿ 1960ರ ಜನವರಿ 1ಕ್ಕೆ ಮೊದಲು ಕಟ್ಟಿದ ಮರದ ಚೌಕಟ್ಟಿನ ಮನೆಯನ್ನು ಮಾರುವವರು ಕೊಳ್ಳುವವರಿಗೆ ಎರಡು ಕಾಗದಪತ್ರ ಕೊಡಬೇಕು. ಒಂದು, ರಾಜ್ಯದ ಭೂಕಂಪ ಸುರಕ್ಷತಾ ಆಯೋಗ ಮನೆಮಾಲೀಕರಿಗಾಗಿ ಹೊರತಂದಿರುವ ಕೈಪಿಡಿ. ಇನ್ನೊಂದು, ಮನೆಯ ದೌರ್ಬಲ್ಯಗಳ ಬಗ್ಗೆ ಮಾರುವವರೇ ತುಂಬಿ ಸಹಿ ಹಾಕಿದ ಒಂದು ಪ್ರಶ್ನಾವಳಿ. 1993ರ ಜನವರಿಯಿಂದ ಈ ನಿಯಮ ಜಾರಿಯಲ್ಲಿದೆ. ಪ್ರಶ್ನಾವಳಿಯಲ್ಲಿ ಪ್ರತಿ ಪ್ರಶ್ನೆಯ ಎದುರು ನಾಲ್ಕು ಚೌಕಗಳಿರುತ್ತವೆ: ಹೌದು, ಇಲ್ಲ, ಅನ್ವಯಿಸುವುದಿಲ್ಲ, ಗೊತ್ತಿಲ್ಲ. ಈ ಟಿಪ್ಪಣಿ ಬಹುಮಟ್ಟಿಗೆ ನಾಲ್ಕನೆಯ ಚೌಕವನ್ನು ಕುರಿತದ್ದು. ಮನೆ ಹೇಗಿದೆ ಎಂದು ಈ ಕಾನೂನು ಕೇಳುವುದಿಲ್ಲ. ಮನೆಯ ಬಗ್ಗೆ ನಿಮಗೆ ಏನು ಗೊತ್ತು ಎಂದು ಮಾತ್ರ ಕೇಳುತ್ತದೆ. ಹೀಗೆ ಕೇಳಿದರೆ ತಿಳಿದುಕೊಳ್ಳದೆ ಇರುವವರಿಗೇ ಅನುಕೂಲ. ಮೂವತ್ತು ವರ್ಷ ದಾಟಿದ ಈ ಘೋಷಣೆ ಪದ್ಧತಿಯ ಬಲವೂ ದೌರ್ಬಲ್ಯವೂ ಇಲ್ಲಿಂದಲೇ ಹುಟ್ಟಿವೆ ಎಂಬುದು ನನ್ನ ವಾದ.

ಮೊದಲು ಮನೆಯನ್ನು ನೋಡೋಣ. ಕರ್ನಾಟಕದ ಓದುಗರ ಕಣ್ಣಮುಂದೆ ಹಳೆಯ ಮನೆ ಎಂದರೆ ಕಲ್ಲು, ಇಟ್ಟಿಗೆ, ಮಣ್ಣು ಬರುತ್ತವೆ. ಕ್ಯಾಲಿಫೋರ್ನಿಯಾದ ಹಳೆಯ ಮನೆ ಬಹುಪಾಲು ಮರದ್ದು. ಸುತ್ತಲೂ ಕಾಂಕ್ರೀಟಿನ ಗಿಡ್ಡ ಪಾಯ. 1906ರ ಆಸುಪಾಸಿನ ಮನೆಯಾದರೆ ಬರೀ ಇಟ್ಟಿಗೆಯ ಪಾಯವೂ ಇರಬಹುದು. ಪಾಯದ ಮೇಲೆ ಅಡ್ಡಲಾಗಿ ಮಲಗಿಸಿದ ಮರದ ಪಟ್ಟಿ. ಬಡಗಿಗಳು ಅದನ್ನು ಸಿಲ್ ಎನ್ನುತ್ತಾರೆ. ಅನೇಕ ಮನೆಗಳಲ್ಲಿ ಈ ಸಿಲ್ಲಿನ ಮೇಲೆ ನೇರವಾಗಿ ನೆಲಹಾಸು ಕೂರುವುದಿಲ್ಲ. ನಡುವೆ ಒಂದಡಿಯಿಂದ ನಾಲ್ಕಡಿವರೆಗಿನ ಗಿಡ್ಡ ಮರದ ಗೋಡೆ ಇರುತ್ತದೆ, ಅದಕ್ಕೆ ಕ್ರಿಪಲ್ ವಾಲ್ ಎಂದು ಹೆಸರು. ಅದರ ಒಳಗಿನ ಕತ್ತಲ ಜಾಗದಲ್ಲಿ ನೀರಿನ ಕೊಳವೆ, ಗ್ಯಾಸ್ ಕೊಳವೆ, ವಿದ್ಯುತ್ ತಂತಿ ಓಡಾಡುತ್ತವೆ. ಮನುಷ್ಯ ಅಲ್ಲಿ ನಿಲ್ಲಲಾರ, ತೆವಳಬೇಕು.

ಭೂಮಿ ಅಡ್ಡಡ್ಡ ಅಲುಗಿದಾಗ ಮೇಲಿನ ಮನೆಗಿಂತ ಮೊದಲು ಸೋಲುವುದು ಈ ಗಿಡ್ಡ ಗೋಡೆ. ಮೇಲಿನ ಕೋಣೆಗಳಲ್ಲಿ ಅಡ್ಡಗೋಡೆಗಳಿವೆ, ಗೋಡೆಗಳ ಎರಡೂ ಬದಿ ಗಾರೆಯೋ ಜಿಪ್ಸಮ್ ಹಲಗೆಯೋ ಇದೆ; ಎಲ್ಲ ಸೇರಿ ಒಂದು ಬಿಗಿಯಾದ ಪೆಟ್ಟಿಗೆಯಾಗುತ್ತದೆ. ಕೆಳಗಿನ ಗಿಡ್ಡ ಗೋಡೆಗೆ ಒಳಬದಿಯಲ್ಲಿ ಏನೂ ಇಲ್ಲ. ಹೊರಬದಿಯಲ್ಲಿ ಅಡ್ಡ ಹಲಗೆ ಅಥವಾ ತೆಳು ಗಾರೆ ಇದ್ದರೂ ಅದು ಮಳೆಗಾಳಿ ತಡೆಯಲು ಹಾಕಿದ್ದೇ ಹೊರತು ಅಡ್ಡ ನೂಕನ್ನು ತಾಳಲು ಅಲ್ಲ. ಮೇಲಿನ ಪೆಟ್ಟಿಗೆ ಇಡಿಯಾಗಿ ಪಕ್ಕಕ್ಕೆ ಸರಿದು, ಗಿಡ್ಡ ಗೋಡೆಯ ಕಂಬಗಳು ಮಲಗಿ, ಮನೆ ಒಂದೆರಡು ಅಡಿ ಕೆಳಕ್ಕೆ ಕುಸಿಯುತ್ತದೆ. ಗಿಡ್ಡ ಗೋಡೆ ಇಲ್ಲದ ಕಡೆ ಸಿಲ್ ಪಟ್ಟಿಯನ್ನು ಪಾಯಕ್ಕೆ ಬೋಲ್ಟಿನಿಂದ ಕಟ್ಟಿರದಿದ್ದರೆ ಮನೆ ಪಾಯದ ಮೇಲಿಂದ ಜಾರುತ್ತದೆ. 1940ಕ್ಕೆ ಹಿಂದಿನ ಮನೆಗಳಲ್ಲಿ ಇಂಥ ಬೋಲ್ಟು ಅಪರೂಪ.

ಇದೇ ರೀತಿಯ ಹಾನಿ ಮತ್ತೆಮತ್ತೆ ದಾಖಲಾಗಿದೆ. 1983ರ ಮೇ ತಿಂಗಳಲ್ಲಿ ಕೊಲಿಂಗ ಎಂಬ ತೈಲನಗರಿಯಲ್ಲಿ ಹಳೆಯ ಮರದ ಮನೆಗಳು ಪಾಯ ಬಿಟ್ಟು ಕೆಳಗೆ ಕೂತವು. 1989ರ ಅಕ್ಟೋಬರ್ 17ರ ಲೋಮ ಪ್ರಿಯೆಟ ಭೂಕಂಪದಲ್ಲಿ (ಪ್ರಮಾಣ 6.9) ಸಾಂತಾ ಕ್ರೂಸ್, ವಾಟ್ಸನ್‌ವಿಲ್, ಲಾಸ್ ಗಾಟೋಸ್ ಊರುಗಳಲ್ಲಿ ಅದೇ ಕಥೆ. 2014ರ ಆಗಸ್ಟ್ 24ರಂದು ನಾಪಾ ಕಣಿವೆಯಲ್ಲಿ ಪ್ರಮಾಣ 6.0ರ ಕಂಪನವೇ ಸಾಕಾಯಿತು. ಇಂಥ ಮನೆಗಳಲ್ಲಿ ಸಾವು ಕಡಿಮೆ. ಮರ ಹಗುರ, ಬಿದ್ದರೂ ಪೂರಾ ಮೈಮೇಲೆ ಬೀಳುವುದಿಲ್ಲ. ಆದರೆ ಗ್ಯಾಸ್ ಕೊಳವೆ ಹರಿಯುತ್ತದೆ, ಬೆಂಕಿ ಹತ್ತುವ ಭಯ ಬೇರೆ. ದುರಸ್ತಿಯಾಗುವವರೆಗೆ ಮನೆ ವಾಸಯೋಗ್ಯವಲ್ಲದಾಗುತ್ತದೆ, ಕೆಲವೊಮ್ಮೆ ಕೆಡವಿಯೇ ಕಟ್ಟಬೇಕಾಗುತ್ತದೆ.

ಪರಿಹಾರ ಮಾತ್ರ ಆಶ್ಚರ್ಯವಾಗುವಷ್ಟು ಸರಳ. ಮನೆಯಡಿಗೆ ತೆವಳಿ ಹೋಗಿ ಟಾರ್ಚ್ ಬಿಟ್ಟು ನೋಡಿದರೆ ದುರಸ್ತಿಯಾದ ಮನೆ ತಕ್ಷಣ ಗುರುತಾಗುತ್ತದೆ: ಸಿಲ್ ಪಟ್ಟಿಯ ಮೇಲೆ ಕೆಲವು ಅಡಿಗೊಂದರಂತೆ ನಟ್ಟುಗಳ ಸಾಲು, ಪ್ರತಿ ನಟ್ಟಿನ ಕೆಳಗೆ ಮೂರಂಗುಲದ ಚೌಕ ಉಕ್ಕಿನ ಬಿಲ್ಲೆ, ಗಿಡ್ಡ ಗೋಡೆಯ ಒಳಮೈಗೆ ಅಂಚಿನುದ್ದಕ್ಕೂ ಒತ್ತೊತ್ತಾಗಿ ಮೊಳೆ ಹೊಡೆದ ಪ್ಲೈವುಡ್ ಹಾಳೆ, ಗಾಳಿಯಾಡಲು ಅದರಲ್ಲಿ ಕೊರೆದ ದುಂಡು ತೂತುಗಳು. ದುರಸ್ತಿಯಾಗದ ಮನೆಯಲ್ಲಿ ಬರೀ ಕಂಬಗಳು, ಜೇಡರ ಬಲೆ. ಎಂಜಿನಿಯರೇ ಬೇಕೆಂದಿಲ್ಲ, ಎರಡೂ ಬಗೆಯ ಚಿತ್ರವನ್ನು ಒಮ್ಮೆ ನೋಡಿದ ಯಾರಾದರೂ ವ್ಯತ್ಯಾಸ ಹೇಳಬಲ್ಲರು. ಸಾಧಾರಣ ಮನೆಯೊಂದಕ್ಕೆ ಈ ಕೆಲಸಕ್ಕೆ ಆಗುವ ಖರ್ಚು ಕೆಲವು ಸಾವಿರ ಡಾಲರ್. ಕುಸಿದ ಮನೆಯನ್ನು ಮೇಲೆತ್ತಿ ಹೊಸ ಪಾಯ ಹಾಕುವ ಖರ್ಚು ಲಕ್ಷಗಳಲ್ಲಿ.

ಇಷ್ಟು ಸುಲಭಕ್ಕೆ ಕಾಣುವ, ಇಷ್ಟು ಅಗ್ಗಕ್ಕೆ ಸರಿಪಡಿಸಬಹುದಾದ ದೋಷ ಲಕ್ಷಾಂತರ ಮನೆಗಳಲ್ಲಿ ಹಾಗೇ ಉಳಿದದ್ದು ಹೇಗೆ? ಇದಕ್ಕೆ ಉತ್ತರದ ಒಂದು ಭಾಗ ಕಾನೂನಿನ ಇತಿಹಾಸದಲ್ಲಿದೆ.

ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ ಕಾನೂನುಗಳು ಭೂಕಂಪದ ಬೆನ್ನಿಗೇ ಬಂದಿವೆ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ನಡುಗಿತು. ಮಕ್ಕಳಿಲ್ಲದ ಹೊತ್ತಿನಲ್ಲಿ ಶಾಲೆಗಳು ಉರುಳಿದವು. ಒಂದು ತಿಂಗಳೊಳಗೆ ಶಾಲಾ ಕಟ್ಟಡಗಳಿಗೆ ಫೀಲ್ಡ್ ಕಾಯ್ದೆ, ಅದರ ಹಿಂದೆಯೇ ಉಳಿದ ಬಹುತೇಕ ಕಟ್ಟಡಗಳಿಗೆ ರೈಲಿ ಕಾಯ್ದೆ ಬಂದವು. 1971ರ ಫೆಬ್ರವರಿ 9ರ ಸ್ಯಾನ್ ಫರ್ನಾಂಡೋ ಭೂಕಂಪದಲ್ಲಿ ನೆಲವೇ ಸೀಳಿ ಮನೆಗಳನ್ನು ಹರಿದದ್ದರಿಂದ 1972ರ ಡಿಸೆಂಬರಿನಲ್ಲಿ ಆಲ್ಕ್ವಿಸ್ಟ್–ಪ್ರಿಯೋಲೋ ಕಾಯ್ದೆ ಹುಟ್ಟಿತು. ಸಕ್ರಿಯ ಸ್ತರಭಂಗಗಳ ಸುತ್ತ ವಲಯ ಗುರುತಿಸುವುದು, ಹೊಸ ಕಟ್ಟಡ ಸ್ತರಭಂಗದಿಂದ ಸಾಮಾನ್ಯವಾಗಿ 50 ಅಡಿ ದೂರ ಇರಬೇಕೆನ್ನುವುದು ಅದರ ತಿರುಳು. 1989ರ ಬಳಿಕ, 1990ರಲ್ಲಿ, ನೆಲ ಕೆಸರಾಗಿ ಹರಿಯುವ ಮತ್ತು ಗುಡ್ಡ ಜರಿಯುವ ಜಾಗಗಳ ನಕ್ಷೆಗೆ ಇನ್ನೊಂದು ಕಾಯ್ದೆ. 1998ರಿಂದ ಪ್ರವಾಹ, ಕಾಡ್ಗಿಚ್ಚು, ಅಣೆಕಟ್ಟಿನ ಮುಳುಗಡೆ ಸೇರಿದಂತೆ ಆರು ಬಗೆಯ ಅಪಾಯ ವಲಯಗಳನ್ನು ಒಂದೇ ನಮೂನೆಯಲ್ಲಿ ಘೋಷಿಸುವ ನೈಸರ್ಗಿಕ ಅಪಾಯ ಹೇಳಿಕೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಸದಾಗಿ ಕಟ್ಟುವ ಮನೆಗೆ ಕಾನೂನು ಆಜ್ಞೆ ಮಾಡುತ್ತದೆ. ಆಗಲೇ ನಿಂತಿರುವ ಮನೆಗೆ ಬಹುತೇಕ ಸುದ್ದಿ ತಿಳಿಸು ಎನ್ನುತ್ತದೆ ಅಷ್ಟೆ. ಆಲ್ಕ್ವಿಸ್ಟ್–ಪ್ರಿಯೋಲೋ ವಲಯದೊಳಗಿನ ಹಳೆಯ ಮನೆ ಸ್ತರಭಂಗದ ನೆತ್ತಿಯ ಮೇಲೆಯೇ ಇದ್ದರೂ ಅದನ್ನು ತೆಗೆಯಿರಿ ಎಂದು ಯಾರೂ ಹೇಳುವುದಿಲ್ಲ. ಮಾರುವಾಗ ವಲಯದಲ್ಲಿದೆ ಎಂದು ತಿಳಿಸಿದರೆ ಸಾಕು. ಹಳೆಯ ಮನೆಯ ಮಾಲೀಕರು ಮತದಾರರೂ ಹೌದು. ದುರಸ್ತಿ ಕಡ್ಡಾಯ ಮಾಡಿದ ಶಾಸಕರಿಗೆ ಮುಂದಿನ ಚುನಾವಣೆಯ ಚಿಂತೆ. ಘೋಷಣೆ ಎಂಬುದು ಈ ಇಕ್ಕಟ್ಟಿನಲ್ಲಿ ಹುಟ್ಟಿದ ರಾಜಿ.

1993ರ ಪ್ರಶ್ನಾವಳಿ ಈ ರಾಜಿಯ ಅತ್ಯಂತ ಸ್ಪಷ್ಟ ರೂಪ. ಅದು ಕೇಳುವ ಪ್ರಶ್ನೆಗಳು ಎಂಜಿನಿಯರಿಂಗ್ ದೃಷ್ಟಿಯಿಂದ ಬಹಳ ಚೆನ್ನಾಗಿವೆ. ಬಿಸಿನೀರಿನ ಟ್ಯಾಂಕನ್ನು ಗೋಡೆಗೆ ಪಟ್ಟಿಯಿಂದ ಬಿಗಿದಿದೆಯೇ? ಮನೆಯನ್ನು ಪಾಯಕ್ಕೆ ಬೋಲ್ಟ್ ಮಾಡಿದೆಯೇ? ಗಿಡ್ಡ ಗೋಡೆಗೆ ಆಧಾರ ಕೊಟ್ಟಿದೆಯೇ? ಪಾಯ ಅಥವಾ ಹೊರಗೋಡೆ ಉಕ್ಕಿಲ್ಲದ ಇಟ್ಟಿಗೆ-ಕಲ್ಲಿನದಾದರೆ ಬಲಪಡಿಸಿದೆಯೇ? ಇಳಿಜಾರಿನ ಮನೆಯ ಎತ್ತರದ ಕಂಬಗಳು ಹೇಗಿವೆ? ಗ್ಯಾರೇಜಿನ ಮೇಲೆ ಕೋಣೆಯಿದ್ದರೆ ಅದರ ದೊಡ್ಡ ಬಾಗಿಲಿನ ಅಕ್ಕಪಕ್ಕದ ಗೋಡೆ ಗಟ್ಟಿಯಿದೆಯೇ? ಈ ಪ್ರಶ್ನೆಗಳನ್ನು ಬರೆದವರಿಗೆ ಮನೆ ಎಲ್ಲಿ ಮುರಿಯುತ್ತದೆ ಎಂಬುದು ಸರಿಯಾಗಿ ಗೊತ್ತಿತ್ತು.

ತೊಡಕು ಇರುವುದು ಉತ್ತರದ ಕಡೆ. ಮಾರುವವರು ತಮಗೆ ವಾಸ್ತವವಾಗಿ ತಿಳಿದಿರುವುದನ್ನು ಮಾತ್ರ ಹೇಳಬೇಕು. ತಿಳಿಯದಿದ್ದರೆ ‘ಗೊತ್ತಿಲ್ಲ’ ಎಂದು ಗುರುತು ಹಾಕಬಹುದು. ತಿಳಿದುಕೊಳ್ಳಲು ಯಾರನ್ನೂ ಕರೆಸಬೇಕಿಲ್ಲ, ಟಾರ್ಚ್ ಹಿಡಿದು ಕೆಳಗೆ ಇಣುಕಬೇಕಿಲ್ಲ, ಕಂಡ ದೋಷವನ್ನು ಸರಿಪಡಿಸಬೇಕಿಲ್ಲ. ಈಗ ಇಬ್ಬರು ಮಾಲೀಕರನ್ನು ಊಹಿಸಿಕೊಳ್ಳಿ. ಒಬ್ಬರು ಎಂಜಿನಿಯರನ್ನು ಕರೆಸಿ ತಪಾಸಣೆ ಮಾಡಿಸಿದ್ದಾರೆ, ದೋಷವಿದೆ ಎಂದು ವರದಿ ಬಂದಿದೆ, ದುರಸ್ತಿಗೆ ಹಣವಿಲ್ಲದೆ ಬಿಟ್ಟಿದ್ದಾರೆ. ಇನ್ನೊಬ್ಬರು ನಲವತ್ತು ವರ್ಷ ಅದೇ ಮನೆಯಲ್ಲಿದ್ದೂ ಕೆಳಗೆ ಒಮ್ಮೆಯೂ ಇಣುಕಿಲ್ಲ. ಮನೆಗಳೆರಡೂ ಒಂದೇ ಬಗೆಯವು, ದೋಷವೂ ಒಂದೇ. ಮೊದಲನೆಯವರು ‘ಇಲ್ಲ’ ಎಂದು ಬರೆಯಬೇಕು. ಬರೆಯದಿದ್ದರೆ ಮುಂದೆ ಮೊಕದ್ದಮೆ ಎದುರಾಗಬಹುದು, ಬರೆದರೆ ಬೆಲೆಯಲ್ಲಿ ಚೌಕಾಸಿ. ಎರಡನೆಯವರು ನಾಲ್ಕನೆಯ ಚೌಕದಲ್ಲಿ ಗೀಟು ಹಾಕಿ ನಿಶ್ಚಿಂತೆಯಿಂದ ಹೋಗುತ್ತಾರೆ. ಅವರು ಸುಳ್ಳು ಹೇಳಿಲ್ಲ. ಎಚ್ಚರ ವಹಿಸಿದವರಿಗೆ ಹೊರೆ, ವಹಿಸದವರಿಗೆ ವಿನಾಯಿತಿ: ಕಾನೂನಿನ ಉದ್ದೇಶ ಇದಲ್ಲದಿರಬಹುದು, ಪರಿಣಾಮ ಇದು.

‘ಗೊತ್ತಿಲ್ಲ’ ಎಂಬ ಉತ್ತರವಿದ್ದಲ್ಲಿ ಇನ್ನಷ್ಟು ಪರಿಶೀಲನೆ ಬೇಕಾಗಬಹುದು ಎಂದು ಪ್ರಶ್ನಾವಳಿಯೇ ಎಚ್ಚರಿಸುತ್ತದೆ ಎಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಅದು ಸರಿಯೇ. ಆದರೆ ಆ ಎಚ್ಚರಿಕೆ ಕೊಳ್ಳುವವರನ್ನು ತಲುಪುವ ಸಂದರ್ಭ ನೋಡಬೇಕು. ನೂರಾರು ಪುಟಗಳ ಕಾಗದದ ಕಟ್ಟು, ಸಾಲದ ಬಡ್ಡಿದರದ ಗಡುವು, ಅದೇ ಮನೆಗೆ ಇನ್ನೂ ಹತ್ತು ಜನರ ಪೈಪೋಟಿ. ಅಂಥ ಹೊತ್ತಿನಲ್ಲಿ ಒಂದು ಹಾಳೆಯ ಕೊನೆಯ ಸಾಲನ್ನು ಓದಿ ‘ನಿಲ್ಲಿ, ಮೊದಲು ಪಾಯ ನೋಡೋಣ’ ಎನ್ನುವವರು ಎಷ್ಟು ಮಂದಿ?

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳಲೇಬೇಕು. ಈ ಮನೆಗಳ ಅಡಿಗೆ ಯಾರೂ ಹೋಗುವುದಿಲ್ಲ ಎಂದಲ್ಲ. ಮಾರಾಟದ ಸಮಯದಲ್ಲಿ ಗೆದ್ದಲು ತಪಾಸಣೆ ಮಾಡಿಸುವುದು ಕ್ಯಾಲಿಫೋರ್ನಿಯಾದಲ್ಲಿ ಹಳೆಯ ವಾಡಿಕೆ. ಪರವಾನಗಿ ಪಡೆದ ತಪಾಸಕ ಮೈಗೆ ಮೇಲಂಗಿ ಸಿಕ್ಕಿಸಿಕೊಂಡು ಕೆಳಗೆ ತೆವಳುತ್ತಾನೆ, ಸಿಲ್ ಪಟ್ಟಿಯನ್ನು ಚೂಪು ಸಲಾಕೆಯಿಂದ ಚುಚ್ಚಿ ನೋಡುತ್ತಾನೆ, ಮರ ಕೊಳೆತಿದೆಯೋ ಹುಳ ಹಿಡಿದಿದೆಯೋ ಬರೆಯುತ್ತಾನೆ. ಬೋಲ್ಟು ಇದೆಯೇ ಇಲ್ಲವೇ ಎಂಬುದು ಅವನ ಕಣ್ಣಿನಿಂದ ಗೇಣು ದೂರದಲ್ಲಿರುತ್ತದೆ. ಆದರೆ ಅವನ ವರದಿಯ ವಿಷಯ ಮರ ತಿನ್ನುವ ಜೀವಿಗಳು, ಭೂಕಂಪ ಅಲ್ಲ. ಸಾಲ ಕೊಟ್ಟ ಬ್ಯಾಂಕಿಗೆ ಗೆದ್ದಲಿನ ಭಯವಿತ್ತು, ಹಾಗಾಗಿ ಗೆದ್ದಲು ನೋಡುವವನು ಹುಟ್ಟಿಕೊಂಡ. ಕೇಳುವವರಿಗೆ ನಿಜವಾಗಿ ಬೇಕಾಗಿದ್ದರೆ ಮನೆಯಡಿಗೆ ಹೋಗುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮನೆ ಮಾರಾಟದ ಏಜೆಂಟರ ಪಾಲಿನ ಕಥೆಯೂ ಇದೇ ಜಾಡಿನಲ್ಲಿದೆ. 1984ರ ಈಸ್ಟನ್ ವಿರುದ್ಧ ಸ್ಟ್ರಾಸ್‌ಬರ್ಗರ್ ಪ್ರಕರಣ ಕ್ಯಾಲಿಫೋರ್ನಿಯಾದ ಆಸ್ತಿ ವ್ಯವಹಾರದಲ್ಲಿ ಒಂದು ತಿರುವು. ಸರಿಯಾಗಿ ಬಿಗಿಯದೆ ತುಂಬಿದ ಮಣ್ಣಿನ ಮೇಲೆ ಕಟ್ಟಿದ ಮನೆ. ಕೊಂಡ ಮೇಲೆ ನೆಲ ಜರಿದು ಮನೆ ಹಾಳಾಯಿತು. ಓರೆಯಾದ ನೆಲದಂಥ ಸೂಚನೆಗಳು ಕಣ್ಣಿಗೆ ಕಾಣುತ್ತಿದ್ದರೂ ಏಜೆಂಟರು ಕೆದಕಿರಲಿಲ್ಲ. ತಿಳಿದದ್ದನ್ನು ಹೇಳಿದರೆ ಸಾಲದು, ಏಜೆಂಟರು ತಕ್ಕಮಟ್ಟಿನ ಶ್ರದ್ಧೆಯಿಂದ ಆಸ್ತಿಯನ್ನು ನೋಡಿ ಪರಿಶೀಲಿಸಬೇಕು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಶಾಸನಸಭೆ ಇದನ್ನು ಕಾನೂನಿನ ರೂಪಕ್ಕೆ ತಂದಿತು. ತರುವಾಗ ಕರ್ತವ್ಯವನ್ನು ಕಣ್ಣಿಗೆ ಕಾಣುವ ಭಾಗಗಳಿಗೆ ಸೀಮಿತ ಮಾಡಿ, ಸಾಮಾನ್ಯವಾಗಿ ಹೋಗಲಾಗದ ಜಾಗಗಳನ್ನು ಹೊರಗಿಟ್ಟಿತು. ಮನೆಯಡಿಯ ಕತ್ತಲು ಅಂಥ ಜಾಗ ಎಂದು ವಾದಿಸಲು ಬಹಳ ಜಾಣತನ ಬೇಕಾಗಿಲ್ಲ.

ಘೋಷಣೆಯಿಂದ ಕೊಳ್ಳುವವರ ನಡವಳಿಕೆ ಬದಲಾಗಿದೆಯೇ? ಸಂಶೋಧನೆಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುವುದಿಲ್ಲ. ಭೂಗೋಳಶಾಸ್ತ್ರಜ್ಞೆ ರೀಸಾ ಪಾಮ್ ಅವರು ಬರ್ಕ್ಲಿ ಮತ್ತು ಕಾಂಟ್ರಾ ಕೋಸ್ಟ ಪ್ರದೇಶದಲ್ಲಿ ಮನೆ ಕೊಂಡವರನ್ನೂ ಏಜೆಂಟರನ್ನೂ ಮಾತಾಡಿಸಿ 1981ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೊದಲ ಗಂಭೀರ ಕೆಲಸ. ಸ್ತರಭಂಗ ವಲಯದ ಘೋಷಣೆ ಕೊಳ್ಳುವವರ ತೀರ್ಮಾನದ ಮೇಲೆ ಅಷ್ಟೇನೂ ಪ್ರಭಾವ ಬೀರಿಲ್ಲ ಎಂದು ಅವರು ಕಂಡುಕೊಂಡರು. ಮಾಹಿತಿ ತಡವಾಗಿ, ಮನೆ ಒಪ್ಪಿಯಾದ ಮೇಲೆ ಬರುತ್ತಿತ್ತು. ಬಂದ ರೀತಿಯೂ ಏನೆಂದು ಅರ್ಥವಾಗದಷ್ಟು ಚುಟುಕು. 1985ರಲ್ಲಿ ಡೇವಿಡ್ ಬ್ರೂಕ್‌ಶೈರ್ ಮತ್ತು ಸಂಗಡಿಗರು ಅರ್ಥಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಇದಕ್ಕೆ ವಿರುದ್ಧವಾಗಿ ಕಾಣುವ ಫಲಿತಾಂಶ ಕೊಟ್ಟರು: ಆಲ್ಕ್ವಿಸ್ಟ್–ಪ್ರಿಯೋಲೋ ಕಾಯ್ದೆಯ ನಂತರ ವಲಯದೊಳಗಿನ ಮನೆಗಳು ಹೊರಗಿನವುಗಳಿಗಿಂತ ಕಡಿಮೆ ಬೆಲೆಗೆ ಹೋಗುತ್ತಿದ್ದವು. ಪ್ರವಾಹದ ವಿಷಯದಲ್ಲಿ ಆಸ್ಟಿನ್ ಟ್ರಾಯ್ ಮತ್ತು ಜೆಫ್ ರಾಮ್ 2004ರಲ್ಲಿ ತೋರಿಸಿದ್ದು, 1998ರ ನಮೂನೆ ಬಂದ ಮೇಲೆ ಪ್ರವಾಹ ವಲಯದ ಮನೆಗಳ ಬೆಲೆ ಸರಾಸರಿ ನೂರಕ್ಕೆ ನಾಲ್ಕರಷ್ಟು ತಗ್ಗಿತ್ತು ಎಂದು.

ಈ ಫಲಿತಾಂಶಗಳು ಒಂದಕ್ಕೊಂದು ಹೊಡೆದಾಡುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಪಾಮ್ ಕೇಳಿದ್ದು ಜನರ ನೆನಪನ್ನು, ಬ್ರೂಕ್‌ಶೈರ್ ಅಳೆದದ್ದು ಮಾರುಕಟ್ಟೆಯ ಬೆಲೆಯನ್ನು. ಕೆಲವೇ ಎಚ್ಚರದ ಗ್ರಾಹಕರು ಹಿಂದೆ ಸರಿದರೂ ಬೆಲೆ ಕದಲಬಹುದು. ಆದರೆ ಮೂರೂ ಅಧ್ಯಯನಗಳಿಗೆ ಸಮಾನವಾದ ಒಂದು ಮಿತಿಯಿದೆ: ಅವು ನೋಡಿರುವುದು ನಕ್ಷೆಯ ಘೋಷಣೆಯನ್ನು. ಮನೆ ಯಾವ ವಲಯದಲ್ಲಿದೆ ಎಂಬ ಪ್ರಶ್ನೆಗೆ ಸರ್ಕಾರಿ ನಕ್ಷೆಯಲ್ಲಿ ಖಚಿತ ಉತ್ತರವಿದೆ; ಅಲ್ಲಿ ‘ಗೊತ್ತಿಲ್ಲ’ ಎನ್ನಲು ಆಸ್ಪದ ಕಡಿಮೆ. ಮನೆ ಪಾಯಕ್ಕೆ ಕಟ್ಟಿಕೊಂಡಿದೆಯೇ ಎಂಬ ಪ್ರಶ್ನೆಗೆ ಉತ್ತರ ಯಾವ ಸರ್ಕಾರಿ ನಕ್ಷೆಯಲ್ಲೂ ಇಲ್ಲ.

ಇದರಿಂದ ಇನ್ನೊಂದು ಎಡವಟ್ಟೂ ಆಗುತ್ತದೆ. ನಕ್ಷೆಯ ಉತ್ತರ ಗಟ್ಟಿ ದನಿಯಲ್ಲಿ, ಪಾಯದ ಉತ್ತರ ಮೆಲ್ಲಗೆ ಬಂದಾಗ ಕೊಳ್ಳುವವರು ‘ವಲಯದ ಹೊರಗಿದ್ದೇವೆ, ಭಯವಿಲ್ಲ’ ಎಂದುಕೊಳ್ಳುವುದು ಸಹಜ. ಆದರೆ ಸ್ತರಭಂಗ ವಲಯ ಹೇಳುವುದು ನೆಲ ಸೀಳುವ ಸಾಧ್ಯತೆಯನ್ನು ಮಾತ್ರ. ಅಲುಗಾಟ ಆ ಗೆರೆಯಾಚೆಗೆ ಹತ್ತಾರು ಮೈಲಿ ಹೋಗುತ್ತದೆ. 1989ರ ಕಂಪನದ ಕೇಂದ್ರ ಸಾಂತಾ ಕ್ರೂಸ್ ಬೆಟ್ಟಗಳಲ್ಲಿತ್ತು. ಸುಮಾರು ನೂರು ಕಿಲೋಮೀಟರ್ ದೂರದ ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯಲ್ಲಿ, ತುಂಬಿದ ಸಡಿಲ ಮಣ್ಣಿನ ಮೇಲೆ, ಮನೆಗಳು ಕುಸಿದವು. ಗ್ಯಾರೇಜುಗಳ ಮೇಲೆ ನಿಂತಿದ್ದ ಮೂಲೆಯ ಕಟ್ಟಡಗಳಿಗೆ ಪೆಟ್ಟು ಜಾಸ್ತಿ.

ಹೇವರ್ಡ್ ಸ್ತರಭಂಗದ ಉದಾಹರಣೆ ನಮ್ಮ ಓದುಗರಿಗೆ ಇನ್ನಷ್ಟು ಹತ್ತಿರದ್ದು. ಇದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿ ಬರ್ಕ್ಲಿ, ಓಕ್‌ಲ್ಯಾಂಡ್, ಹೇವರ್ಡ್ ನಗರಗಳನ್ನು ಹಾಯ್ದು ಫ್ರೀಮಾಂಟಿನ ನಡುವೆಯೇ ಸಾಗುತ್ತದೆ. ಫ್ರೀಮಾಂಟ್ ಸುತ್ತಮುತ್ತ ಕನ್ನಡಿಗರ ಕುಟುಂಬಗಳು ಗಣನೀಯವಾಗಿ ನೆಲೆಸಿವೆ. 1868ರ ಅಕ್ಟೋಬರ್ 21ರಂದು ಇದೇ ಸ್ತರಭಂಗ ದೊಡ್ಡದಾಗಿ ಜಾರಿ ಸುಮಾರು 30 ಜನ ಸತ್ತಿದ್ದರು; ಆಗ ಅಲ್ಲಿದ್ದುದು ಹೊಲ, ಚಿಕ್ಕ ಊರುಗಳು. ಕೊಲ್ಲಿ ಪ್ರದೇಶದಲ್ಲಿ 2014ರಿಂದ 2043ರೊಳಗೆ ಪ್ರಮಾಣ 6.7 ಅಥವಾ ಅದಕ್ಕೂ ದೊಡ್ಡ ಭೂಕಂಪ ಕನಿಷ್ಠ ಒಂದಾದರೂ ಆಗುವ ಸಂಭವ ನೂರಕ್ಕೆ 72 ಎಂದು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ ಅಂದಾಜಿಸಿದೆ; ಬಿಡಿ ಸ್ತರಭಂಗಗಳ ಪೈಕಿ ಹೇವರ್ಡ್–ರಾಜರ್ಸ್ ಕ್ರೀಕ್ ಜೋಡಿಯದೇ ದೊಡ್ಡ ಪಾಲು, ನೂರಕ್ಕೆ 33. ದೊಡ್ಡ ಕಂಪನಗಳ ನಡುವೆಯೂ ಈ ಸ್ತರಭಂಗ ವರ್ಷಕ್ಕೆ ಕೆಲವು ಮಿಲಿಮೀಟರ್ ಸದ್ದಿಲ್ಲದೆ ತೆವಳುತ್ತದೆ. ಹೇವರ್ಡ್ ನಗರದ ರೋಸ್ ಮತ್ತು ಪ್ರಾಸ್ಪೆಕ್ಟ್ ಬೀದಿಗಳು ಕೂಡುವಲ್ಲಿ ಕಾಂಕ್ರೀಟಿನ ಅಂಚುಕಟ್ಟೆ ವರ್ಷವರ್ಷವೂ ಇಷ್ಟಿಷ್ಟೇ ಸರಿದು ಎರಡು ತುಂಡಾಗಿ ಕಾಣುತ್ತಿತ್ತು, ಭೂವಿಜ್ಞಾನಿಗಳು ದಶಕಗಳ ಕಾಲ ಅದರ ಫೋಟೋ ತೆಗೆದಿದ್ದರು. 2016ರಲ್ಲಿ ನಗರಾಡಳಿತ ಗಾಲಿಕುರ್ಚಿಯವರಿಗೆ ಇಳಿಜಾರು ಮಾಡಲು ಅದನ್ನು ಕಿತ್ತು ಹೊಸದು ಹಾಕಿತು. ಭೂವಿಜ್ಞಾನಿಗಳಿಗೆ ಬೇಸರವಾಯಿತು, ನಗರಾಡಳಿತದ್ದು ತಪ್ಪು ಎಂದು ನಾನು ಹೇಳಲಾರೆ.

ಹಾಗಾದರೆ, ಘೋಷಣೆಯೊಂದೇ ಸಾಲದಿದ್ದಲ್ಲಿ ಯಾವುದು ಕೆಲಸ ಮಾಡಿದೆ? ಮೊದಲನೆಯ ಉದಾಹರಣೆ ಅದೇ ಪ್ರಶ್ನಾವಳಿಯಲ್ಲಿದೆ. ಬಿಸಿನೀರಿನ ಟ್ಯಾಂಕಿಗೆ ಸಂಬಂಧಿಸಿ ಕ್ಯಾಲಿಫೋರ್ನಿಯಾದಲ್ಲಿ ಬೇರೆಯೇ ಕಾನೂನು ಇದೆ: ಟ್ಯಾಂಕನ್ನು ಪಟ್ಟಿಯಿಂದ ಬಿಗಿದಿರಲೇಬೇಕು, ಬಿಗಿದಿದೆ ಎಂದು ಮಾರುವವರು ಲಿಖಿತವಾಗಿ ದೃಢೀಕರಿಸಬೇಕು. ಇಲ್ಲಿ ‘ಗೊತ್ತಿಲ್ಲ’ ಎಂದು ನುಣುಚಿಕೊಳ್ಳುವಂತಿಲ್ಲ. ಹೋಗಿ ನೋಡಬೇಕು, ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಪಟ್ಟಿ ತಂದು ಬಿಗಿಯಬೇಕು. ಟ್ಯಾಂಕಿನ ಪಟ್ಟಿಗೆ ಸಾಧ್ಯವಾದದ್ದು ಪಾಯದ ಬೋಲ್ಟಿಗೆ ಏಕೆ ಆಗಲಿಲ್ಲ ಎಂಬುದಕ್ಕೆ ಖರ್ಚಿನ ಅಂತರ ಒಂದು ಕಾರಣವಿರಬೇಕು.

ಖರ್ಚಿನ ಆ ಅಂತರವನ್ನು ಬರ್ಕ್ಲಿ ನಗರ ಬೇರೆ ರೀತಿ ತುಂಬಿಸಿತು. ಮನೆ ಕೈಬದಲಾದಾಗ ನಗರಕ್ಕೆ ಸಲ್ಲುವ ವರ್ಗಾವಣೆ ತೆರಿಗೆಯ ಮೂರನೆಯ ಒಂದು ಭಾಗದವರೆಗೆ ಭೂಕಂಪ ದುರಸ್ತಿಗೆ ಖರ್ಚು ಮಾಡಿದರೆ ಹಿಂದಕ್ಕೆ ಕೊಡುವ ಯೋಜನೆ ಅದು. ಸಮಯ ಅದೇ ಮಾರಾಟದ ಸಮಯ, ಕೈಗಳೂ ಅವೇ. ಆದರೆ ಸುದ್ದಿಯ ಜಾಗದಲ್ಲಿ ಹಣ ಬಂದಿದೆ. ಕೊಂಡವರು ಅದನ್ನು ಬಿಟ್ಟರೆ ಬಿಟ್ಟವರಿಗೇ ನಷ್ಟ. ರಾಜ್ಯ ಮಟ್ಟದಲ್ಲಿ, 1994ರ ನಾರ್ತ್‌ರಿಜ್ ಭೂಕಂಪದ ಬಳಿಕ 1996ರಲ್ಲಿ ಹುಟ್ಟಿದ ಭೂಕಂಪ ವಿಮಾ ಪ್ರಾಧಿಕಾರ ಭಾಗಿಯಾಗಿರುವ ಬ್ರೇಸ್ ಪ್ಲಸ್ ಬೋಲ್ಟ್ ಯೋಜನೆ ಬೋಲ್ಟು ಮತ್ತು ಪ್ಲೈವುಡ್ ಕೆಲಸಕ್ಕೆ 3,000 ಡಾಲರ್‌ವರೆಗೆ ಸಹಾಯಧನ ಕೊಡುತ್ತದೆ. ಲಾಸ್ ಏಂಜಲಿಸ್ 2015ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಅದಕ್ಕೂ ಎರಡು ವರ್ಷ ಮೊದಲು, ತಳಮಹಡಿ ದುರ್ಬಲವಾದ ಹಳೆಯ ಬಾಡಿಗೆ ಕಟ್ಟಡಗಳ ದುರಸ್ತಿಯನ್ನು ನೇರವಾಗಿ ಕಡ್ಡಾಯ ಮಾಡಿದವು. ಅಲ್ಲಿ ಮಾಲೀಕರಿಗೆ ಏನು ಗೊತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬ್ರೇಸ್ ಪ್ಲಸ್ ಬೋಲ್ಟ್ ಯೋಜನೆಯ ಒಂದು ವಿವರ ಘೋಷಣಾ ಕಾನೂನಿನ ಇನ್ನೊಂದು ಕುಂದನ್ನು ಹೊರಗೆಡಹುತ್ತದೆ. ಸಹಾಯಧನಕ್ಕೆ 1980ಕ್ಕೆ ಮೊದಲಿನ ಮನೆಗಳು ಅರ್ಹ. ಘೋಷಣೆಗೆ ಒಳಪಡುವುದು 1960ಕ್ಕೆ ಮೊದಲಿನವು. ಈ ಎರಡು ಗೆರೆಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಮನೆಗಳ ಗಿಡ್ಡ ಗೋಡೆಗಳೂ ದುರ್ಬಲವಿರಬಹುದು ಎಂದು ರಾಜ್ಯದ ಒಂದು ಸಂಸ್ಥೆ ಒಪ್ಪಿ ಹಣ ಕೊಡುತ್ತಿದೆ. ಅವುಗಳ ದೌರ್ಬಲ್ಯದ ಪ್ರಶ್ನಾವಳಿಯನ್ನು ಕೊಳ್ಳುವವರಿಗೆ ಕೊಡಲೇಬೇಕು ಎಂದು ರಾಜ್ಯದ ಕಾನೂನು ಹೇಳುವುದಿಲ್ಲ.

ಜಪಾನಿನ ಹೋಲಿಕೆ ಚುಟುಕಾಗಿ. ಅಲ್ಲಿ 1981ರ ಜೂನ್ ತಿಂಗಳಿನ ಹೊಸ ಕಟ್ಟಡ ನಿಯಮ ಹಳತು-ಹೊಸತರ ಗೆರೆ. 1995ರ ಕೋಬೆ ಭೂಕಂಪದಲ್ಲಿ 6,434 ಜನ ಸತ್ತರು, ಬಹುಪಾಲು ಕುಸಿದ ಹಳೆಯ ಮನೆಗಳಡಿ. ಈಗ ಹಳೆಯ ನಿಯಮದ ಮನೆ ಮಾರಾಟವಾಗುವಾಗ ಭೂಕಂಪ ತಪಾಸಣೆ ಆಗಿದೆಯೇ, ಆಗಿದ್ದರೆ ಅದರ ಫಲಿತಾಂಶವೇನು ಎಂದು ದಲ್ಲಾಳಿ ವಿವರಿಸಬೇಕು. ತಪಾಸಣೆ ಆಗಿಲ್ಲ ಎಂದರೂ ಕಾನೂನು ಪಾಲಿಸಿದಂತೆಯೇ. ಅಂದರೆ ಕ್ಯಾಲಿಫೋರ್ನಿಯಾದ್ದೇ ರಂಧ್ರ, ತುಸು ಚಿಕ್ಕದು: ‘ತಪಾಸಣೆ ಆಗಿಲ್ಲ’ ಎಂಬುದು ಕಡೇಪಕ್ಷ ಮನೆಯ ಬಗ್ಗೆ ಒಂದು ಸಂಗತಿ.

ಭಾರತದಲ್ಲಿ ಇಂಥ ಪ್ರಶ್ನಾವಳಿ ಇಲ್ಲ, ಆದರೆ ಬೇರು ಇದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ, ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದ, ಸಾಧಾರಣ ಎಚ್ಚರದಿಂದ ಪತ್ತೆಯಾಗದ ಮುಖ್ಯ ದೋಷವನ್ನು ಮಾರುವವರು ಹೇಳಬೇಕು ಎನ್ನುತ್ತದೆ. ಇಲ್ಲೂ ಮಾತು ತಿಳಿವಳಿಕೆಯ ಮೇಲೆಯೇ ನಿಂತಿದೆ. ರೂಢಿಯಲ್ಲಿ ನಾವು ದೋಷ ಹುಡುಕುವುದು ಹಕ್ಕಿನಲ್ಲಿ, ಗೋಡೆಯಲ್ಲಲ್ಲ. ವಕೀಲರು ಖಾತೆ ನೋಡುತ್ತಾರೆ, ಇಸಿ ತೆಗೆಸುತ್ತಾರೆ, ಮೂಲಪತ್ರ, ಚಕ್ಕುಬಂದಿ ತಾಳೆ ಹಾಕುತ್ತಾರೆ. ಕ್ರಯಪತ್ರ ನೋಂದಣಿಯಾಗುತ್ತದೆ. ಗೋಡೆ ಯಾವ ಗಾರೆಯಲ್ಲಿ ಕಟ್ಟಿದ್ದು ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಕಾರಣ ನಮ್ಮ ಗಡಿಯಾಚೆಗೆ ಕೂಗಳತೆಯಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಪ್ರಮಾಣ 6.2ರ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅವರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಹೊರಮೈ ಕಲ್ಲು, ಒಳಮೈ ಕಲ್ಲು, ನಡುವೆ ಚೂರುಕಲ್ಲು. ಎರಡನ್ನೂ ಹಿಡಿದಿಡುವ ಅಡ್ಡ ಕಲ್ಲು ಇಲ್ಲ. ಅಲುಗಿದಾಗ ಗೋಡೆ ಎರಡು ಸೀಳಾಯಿತು, ಜಂತಿಗಳ ಮೇಲಿನ ಮಣ್ಣು ಮಲಗಿದ್ದವರ ಮೇಲೆ ಬಂತು. ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳೆಯ ಊರುಗಳಲ್ಲಿ ಇದೇ ಬಗೆಯ ಮನೆಗಳಿವೆ. ಭೂಕಂಪಕ್ಕೆ ಮುಂಚೆ ಕಿಲ್ಲಾರಿ ಪ್ರದೇಶ ದೇಶದ ಭೂಕಂಪ ನಕ್ಷೆಯ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಅದು ಮೂರಕ್ಕೆ ಏರಿತು. ಅದೇ ಪರಿಷ್ಕರಣೆಯ ಪಟ್ಟಿಯಲ್ಲಿ ಕಲಬುರಗಿ ನಗರ ಎರಡರಲ್ಲಿತ್ತು. 2021ರ ಅಕ್ಟೋಬರಿನಲ್ಲಿ ಆ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಭೂಮಿ ಮತ್ತೆಮತ್ತೆ ನಡುಗಿ ಜನ ಮನೆಬಿಟ್ಟು ಹೊರಗೆ ಮಲಗಿದ್ದರು. ವಲಯದ ಸಂಖ್ಯೆಯನ್ನು ಓದಿ ನೆಮ್ಮದಿಪಡುವುದು ಎಷ್ಟು ದೂರ ಸರಿ ಎಂಬುದನ್ನು ಕಿಲ್ಲಾರಿಯೊಂದೇ ಹೇಳುತ್ತದೆ.

ನಮ್ಮಲ್ಲಿ ಇನ್ನೂ ಪ್ರಶ್ನಾವಳಿ ಇಲ್ಲದಿರುವುದು ಒಂದು ಲೆಕ್ಕದಲ್ಲಿ ಅನುಕೂಲವೇ, ಬೇರೆಯವರು ಬಿಟ್ಟ ರಂಧ್ರವನ್ನು ಬಿಡದೆ ಬರೆಯಬಹುದು. ಉತ್ತರ ಕರ್ನಾಟಕದ ಕಲ್ಲುಮನೆಗೆ ಮೂರು ಪ್ರಶ್ನೆ ಸಾಕು: ಗೋಡೆ ಕಟ್ಟಿದ್ದು ಮಣ್ಣಿನಲ್ಲೋ ಸುಣ್ಣ-ಸಿಮೆಂಟಿನಲ್ಲೋ, ಗೋಡೆಯ ಎರಡೂ ಮೈ ಹಿಡಿಯುವ ಅಡ್ಡ ಕಲ್ಲುಗಳಿವೆಯೇ, ಮಾಳಿಗೆಯ ಮೇಲೆ ಎಷ್ಟು ದಪ್ಪ ಮಣ್ಣಿದೆ. ಉತ್ತರ ಮಾರುವವರ ನೆನಪಿನಿಂದ ಬರಬಾರದು. ನುರಿತ ಗೌಂಡಿಯೋ ಎಂಜಿನಿಯರೋ ನೋಡಿ ಬರೆದದ್ದಾಗಿರಬೇಕು. ದುರಸ್ತಿ ಹೇಗೆ ಮಾಡಬೇಕೆಂದು ಭಾರತೀಯ ಮಾನಕ ಬ್ಯೂರೋದ ಸಂಹಿತೆಗಳು 1993ರಿಂದಲೇ ಹೇಳುತ್ತಿವೆ. ನೋಂದಣಿ ಶುಲ್ಕದಲ್ಲಿ ಒಂದು ಪಾಲನ್ನು, ದುರಸ್ತಿ ಮಾಡಿಸಿದವರಿಗೆ ಬರ್ಕ್ಲಿಯವರಂತೆ ಹಿಂದಿರುಗಿಸುವುದು ಸರ್ಕಾರಕ್ಕೆ ದೊಡ್ಡ ಹೊರೆಯಲ್ಲ. ಅದು ಆಗುವವರೆಗೆ, ಬೀದರಿನಲ್ಲಿ ಹಳೆಯ ಮನೆ ಕೊಳ್ಳುವವರು ಇಸಿ ತೆಗೆಸುವ ದಿನವೇ ಒಬ್ಬ ಗೌಂಡಿಯನ್ನು ಮಾಳಿಗೆ ಹತ್ತಿಸಲಿ. ಫ್ರೀಮಾಂಟಿನಲ್ಲಿ ಕೊಳ್ಳುವವರು ಸಹಿ ಹಾಕುವ ಮೊದಲು ಒಬ್ಬರನ್ನು ಮನೆಯಡಿಗೆ ಕಳುಹಿಸಿ ಬೋಲ್ಟುಗಳ ಫೋಟೋ ತರಿಸಿಕೊಳ್ಳಲಿ.